ಮೈಕ್ ಮುಚ್ಚುವ ಕೆಲಸ

ಶಾಲೆಯ ವಾರ್ಷಿಕೋತ್ಸವ. ವೇದಿಕೆಯ ಮೇಲೆ ದ್ಯೂತಸಭೆ. ಧರ್ಮರಾಯ ದಾಳ ಉರುಳಿಸಿ, ಸೋತು, ತಲೆ ತಗ್ಗಿಸಿದ್ದಾನೆ. ಐದನೇ ತರಗತಿಯ ಶಕುನಿ ಈಗ ಗಡ್ಡ ನೀವಿಕೊಂಡು ಗಹಗಹಿಸಬೇಕು. ಬಾಯಿ ತೆರೆದದ್ದು ಕಂಡಿತು, ನಗು ಕೇಳಲಿಲ್ಲ. ಮೈದಾನವೆಲ್ಲ ಕಿವಿಯಾಗಿ ಕೂತಿದ್ದ ಆ ಗಳಿಗೆಯಲ್ಲಿ ಎರಡೂ ಬದಿಯ ಬಾಕ್ಸಿನಿಂದ ಬೇರೊಂದು ದನಿ ಬಂತು: "ಮಿಸ್, ಅರ್ಜೆಂಟಾಗಿ ಒಂದಕ್ಕೆ ಹೋಗ್ಬೇಕು." ಪರದೆಯ ಹಿಂದೆ ಸರದಿಗಾಗಿ ಕಾಯುತ್ತಿದ್ದ ದ್ರೌಪದಿ.

ಜನ ಬಿದ್ದು ಬಿದ್ದು ನಕ್ಕರು. ಎಲ್ಲ ಮೈಕಿನ ದನಿಯನ್ನೂ ಸೇರಿಸಿ ಹದ ಮಾಡುವ ಮಿಕ್ಸರಿನ ಮುಂದೆ ಕೂತಿದ್ದವನು ನಾನು. ಆಮೇಲೆ ವೇದಿಕೆಗೆ ಬಂದ ಆ ಹುಡುಗಿಯ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಎಂಟು ಕಾರ್ಡ್‌ಲೆಸ್ ಮೈಕ್ ಇದ್ದವು. ಯಾರ ಮಾತೂ ತಪ್ಪಿಹೋಗಬಾರದು ಅಂತ ಎಂಟನ್ನೂ ಶುರುವಿನಲ್ಲೇ ತೆರೆದಿಟ್ಟುಬಿಟ್ಟಿದ್ದೆ. ಶಕುನಿಯ ನಗು ಕೇಳದೆ ಹೋದದ್ದಕ್ಕೂ ದ್ರೌಪದಿಯ ಗುಟ್ಟು ಊರಿಗೆಲ್ಲ ಕೇಳಿದ್ದಕ್ಕೂ ಕಾರಣ ಆ ಒಂದೇ ತಪ್ಪು. ಅದು ಹೇಗೆ ಅಂತ ತಿಳಿಯಲು ನನಗೆ ಇನ್ನೂ ಎರಡು ಮೂರು ವಾರ್ಷಿಕೋತ್ಸವ ಬೇಕಾದವು.

ಶಾಲೆಯಲ್ಲಿ ನಾಟಕ ಅಂದ ಕೂಡಲೇ ಸಾಮಾನ್ಯವಾಗಿ ಕೇಳುವ ಮಾತು, "ಮೈಕ್‌ಸೆಟ್‌ನವರಿಗೆ ಹೇಳಿದೀವಿ ಸರ್, ಫುಲ್ ಸೌಂಡ್ ಇರುತ್ತೆ." ಭಾಷಣಕ್ಕೆ ಇದು ಸಾಕು. ಅಲ್ಲಿ ಬಾಯಿ ಒಂದು, ಮೈಕ್ ಒಂದು, ಮಾತಾಡುವವರು ನಿಂತಲ್ಲೇ ನಿಂತಿರುತ್ತಾರೆ. ನಾಟಕದಲ್ಲಿ ಇಪ್ಪತ್ತು ಬಾಯಿ, ಎಂಟು ಮೈಕ್. ಬಾಯಿಗಳು ಓಡುತ್ತವೆ, ಅಳುತ್ತವೆ, ಗದೆ ಬೀಸುತ್ತವೆ, ಒಂದರ ಮಾತಿನ ಮೇಲೆ ಇನ್ನೊಂದು ಬೀಳುತ್ತದೆ. ಇಲ್ಲಿ ಬಾಕ್ಸು ದೊಡ್ಡದಾದಷ್ಟೂ ತಪ್ಪೂ ದೊಡ್ಡದಾಗಿ ಕೇಳುತ್ತದೆ, ಅಷ್ಟೇ.

ಮೊದಲು ಮೈಕ್ ಕೂಗುವುದನ್ನು ನೋಡೋಣ. ಕೀಂ ಎಂದು ಕಿವಿ ಸೀಳುವ ಆ ಫೀಡ್‌ಬ್ಯಾಕ್ ಯಾವ ಯಂತ್ರದ ಕಾಯಿಲೆಯೂ ಅಲ್ಲ. ಮೈಕ್ ಹಿಡಿದ ದನಿ ಆಂಪ್ಲಿಫೈಯರಿಗೆ ಹೋಗಿ ಸ್ಪೀಕರಿನಿಂದ ಹೊರಬರುತ್ತದೆ. ಅದರಲ್ಲಿ ಒಂದು ಪಾಲು ಗಾಳಿಯಲ್ಲಿ ಸುತ್ತಿ ಮತ್ತೆ ಅದೇ ಮೈಕಿಗೆ ಬರುತ್ತದೆ. ಬಂದದ್ದು ಮೊದಲಿಗಿಂತ ಸಣ್ಣದಾಗಿದ್ದರೆ ಸುತ್ತು ತಾನಾಗಿ ಸಾಯುತ್ತದೆ. ಯಾವುದೋ ಒಂದು ಸ್ವರದಲ್ಲಿ ಅದು ಮೊದಲಿಗಿಂತ ದೊಡ್ಡದಾಗಿ ಮರಳಿತೋ, ಸುತ್ತು ಸುತ್ತಿಗೂ ಬೆಳೆದು ಆ ಒಂದು ಸ್ವರವೇ ಕೂಗಾಗುತ್ತದೆ. ಸೌಂಡ್ ಎಷ್ಟು ಏರಿಸಬಹುದು ಎಂಬುದಕ್ಕೆ ಪ್ರತಿ ಜಾಗದಲ್ಲೂ ಹೀಗೊಂದು ಮಿತಿ ಇರುತ್ತದೆ. ಆಂಪ್ಲಿಫೈಯರ್ ಎಷ್ಟು ವಾಟಿನದು ಅನ್ನುವುದು ಆ ಮಿತಿಯಾಚೆಗಿನ ಮಾತು.

ತೆರೆದ ಮೈಕ್ ಪ್ರತಿಯೊಂದೂ ಆ ಸುತ್ತಿಗೆ ಒಂದೊಂದು ಹೊಸ ಬಾಗಿಲು. ಒಂದು ಮೈಕ್ ಇದ್ದದ್ದು ಎರಡಾದರೆ, ಕೂಗುವ ಮುಂಚೆ ಏರಿಸಬಹುದಾದ ಸೌಂಡು ಸುಮಾರು 3 ಡೆಸಿಬೆಲ್ (ಸದ್ದಿನ ಏರಿಳಿತದ ಅಳತೆ) ಇಳಿಯುತ್ತದೆ. ನಾಲ್ಕಾದರೆ 6, ಎಂಟಾದರೆ 9. ಮೂರು ಡೆಸಿಬೆಲ್ ಅಂದರೆ ಶಕ್ತಿಯಲ್ಲಿ ಅರ್ಧ. ಒಂಬತ್ತು ಅಂದರೆ ಎಂಟರಲ್ಲಿ ಒಂದು ಪಾಲು. ಎಂಟೂ ಮೈಕ್ ತೆರೆದಿಟ್ಟು ಕೂತರೆ, 1000 ವಾಟಿನ ಸೆಟ್ಟಿಗೆ ಬಾಡಿಗೆ ಕೊಟ್ಟು 125 ವಾಟಿನಷ್ಟು ಬಳಸಿದ ಲೆಕ್ಕ. ಶಕುನಿಯ ಫೇಡರನ್ನು, ಅಂದರೆ ಮಿಕ್ಸರಿನಲ್ಲಿ ಅವನ ದನಿ ಏರಿಸಿ ಇಳಿಸುವ ಜಾರುಗುಂಡಿಯನ್ನು, ನಾನು ಮೇಲಕ್ಕೆ ತಳ್ಳಲಾಗದೆ ಹೋದದ್ದು ಇದಕ್ಕೇ. ತಳ್ಳಿದರೆ ಕೂಗುತ್ತಿತ್ತು, ಮಿಕ್ಕ ಏಳು ಮೈಕುಗಳು ಆ ಜಾಗವನ್ನು ತಿಂದು ಕೂತಿದ್ದವು. ಅದರಲ್ಲಿ ದ್ರೌಪದಿಯದೂ ಒಂದು.

ಆದ್ದರಿಂದ ನಾಟಕದಲ್ಲಿ ಮಿಕ್ಸರ್ ಮುಂದೆ ಕೂತವರ ನಿಜವಾದ ಕೆಲಸ ಮೈಕ್ ಮುಚ್ಚುವುದು. ಮಾತಾಡುತ್ತಿರುವವರದ್ದು ಮಾತ್ರ ತೆರೆದಿರಬೇಕು, ಮಾತು ಮುಗಿದ ಮರುಗಳಿಗೆ ಮುಚ್ಚಬೇಕು. ಮಿಕ್ಕ ಏರ್ಪಾಡೆಲ್ಲ, ಪಟ್ಟಿ, ಟೇಪು, ತಾಲೀಮು, ಇದೊಂದನ್ನು ಸಾಧ್ಯ ಮಾಡುವುದಕ್ಕೆ ಇರುವಂಥದ್ದು.

ಇದಕ್ಕೆ ಸರಿಸಮನಾದ ಇನ್ನೊಂದು ವಿಷಯ ದೂರ. ಬಾಯಿಗೂ ಮೈಕಿಗೂ ಇರುವ ಅಂತರ ಎರಡು ಪಟ್ಟಾದರೆ ಮೈಕಿಗೆ ಸಿಗುವ ದನಿ 6 ಡೆಸಿಬೆಲ್ ಇಳಿಯುತ್ತದೆ. ಎದೆಯ ಮೇಲೆ, ಬಾಯಿಂದ ಒಂದು ಗೇಣು ಅಂದರೆ 20 ಸೆಂಟಿಮೀಟರ್ ಕೆಳಗೆ ಸಿಕ್ಕಿಸಿದ ಕಾಲರ್ ಮೈಕನ್ನು ಕೆನ್ನೆಗೆ, 5 ಸೆಂಟಿಮೀಟರ್ ಹತ್ತಿರಕ್ಕೆ ತಂದರೆ 12 ಡೆಸಿಬೆಲ್ ಲಾಭ. ಅದೇ ಲಾಭವನ್ನು ಆಂಪ್ಲಿಫೈಯರಿನಿಂದ ಪಡೆಯಬೇಕಾದರೆ ಹದಿನಾರು ಪಟ್ಟು ವಾಟ್ ಬೇಕು, ಜೊತೆಗೆ ಕೂಗೂ ಬರುತ್ತದೆ. ವೇದಿಕೆಯ ಮೇಲಿನ ತೊಲೆಯಿಂದ ಇಳಿಬಿಟ್ಟ ಮೈಕ್ ಮಕ್ಕಳ ತಲೆಗಿಂತ ಎರಡು ಮೀಟರ್ ಮೇಲಿದ್ದರೆ, ಕೆನ್ನೆಯ ಮೈಕಿಗೆ ಹೋಲಿಸಿದರೆ ಮೂವತ್ತಕ್ಕೂ ಹೆಚ್ಚು ಡೆಸಿಬೆಲ್ ನಷ್ಟ. ಯಕ್ಷಗಾನದಲ್ಲಿ ಇಳಿಬಿಟ್ಟ ಮೈಕಿನಲ್ಲೇ ಮಾತು ಕೇಳುತ್ತದಲ್ಲ ಅಂತ ಕೇಳುವವರುಂಟು. ಅಲ್ಲಿನ ವೇಷಧಾರಿಯ ಗಂಟಲು ಚೆಂಡೆಯ ಎದುರು ನಿಂತು ಪಳಗಿದ್ದು. ನಾಲ್ಕನೇ ತರಗತಿಯ ವಿದುರನದು ಹಾಗಲ್ಲ.

ಎದೆಯ ಮೇಲಿನ ಮೈಕಿಗೆ ಇನ್ನೊಂದು ದೋಷವಿದೆ. ಅ, ಆ, ಇ ಬಗೆಯ ಸ್ವರಗಳ ಬಲ ಇರುವುದು ಹೆಚ್ಚಾಗಿ 1000 ಹರ್ಟ್ಸ್, ಅಂದರೆ ಸೆಕೆಂಡಿಗೆ 1000 ಕಂಪನದ ಕೆಳಗೆ. ಪದವನ್ನು ಪದದಿಂದ ಬಿಡಿಸಿ ತೋರಿಸುವ ಸ, ಶ, ಚ, ತಗಳ ಸದ್ದು 2000ದಿಂದ ಮೇಲಕ್ಕೆ. ಗಲ್ಲದ ಮರೆಯಲ್ಲಿ ಮೊದಲು ಕಳೆದುಹೋಗುವುದು ಈ ಮೇಲಿನ ಸದ್ದೇ. ಆಗ ದನಿ ಜೋರಾಗಿದ್ದರೂ ಮಾತು ತಿಳಿಯುವುದಿಲ್ಲ. ಹಿಂದಿನ ಸಾಲಿನ ಅಜ್ಜಿ "ಏನೂ ಕೇಳ್ತಿಲ್ಲ" ಅನ್ನುತ್ತಾರೆ, ಮೈಕ್‌ಸೆಟ್‌ನವನು "ಇಷ್ಟು ಸೌಂಡ್ ಇದೆಯಲ್ಲಮ್ಮ" ಅನ್ನುತ್ತಾನೆ. ಇಬ್ಬರೂ ಹೇಳುವುದು ನಿಜ. ಮಹಾಪ್ರಾಣದ ಉಸಿರೂ ಅಲ್ಲೇ ಹಾರಿಹೋಗುತ್ತದೆ. ಶಕುನಿ ಗೆದ್ದದ್ದು ಧನವೋ ದನವೋ ಎಂಬ ಅನುಮಾನ ಉಳಿಯುತ್ತದೆ. (ಮಕ್ಕಳು ಎರಡನ್ನೂ ದನ ಅಂತಲೇ ಅನ್ನುವುದುಂಟು. ಅದಕ್ಕೆ ಮಿಕ್ಸರಿನಲ್ಲಿ ಗುಂಡಿ ಇಲ್ಲ.)

ಹಾಗಾಗಿ ನಾಟಕಕ್ಕೆ ಕಿವಿಗೆ ಸಿಕ್ಕಿಸುವ ಹೆಡ್‌ಸೆಟ್ ಮೈಕೇ ನನ್ನ ಆಯ್ಕೆ. ಅದು ಹೆಚ್ಚಾಗಿ ದೊಡ್ಡವರ ತಲೆಯ ಅಳತೆಗೆ ಮಾಡಿದ್ದು. ಮಗುವಿನ ಕಿವಿಯಿಂದ ಜಾರುತ್ತದೆ. ಔಷಧಿ ಅಂಗಡಿಯಲ್ಲಿ ಸಿಗುವ ಮೈಕ್ರೋಪೋರ್ ಟೇಪು ತಂದು, ಬಣ್ಣ ಹಚ್ಚುವ ಮುಂಚೆ, ಒಂದು ತುಂಡು ಕೆನ್ನೆಗೆ, ಇನ್ನೊಂದು ಕಿವಿಯ ಹಿಂದೆ ಕುತ್ತಿಗೆಗೆ ಅಂಟಿಸಬೇಕು. ಬಣ್ಣದ ಎಣ್ಣೆಯ ಮೇಲೆ ಟೇಪು ನಿಲ್ಲುವುದಿಲ್ಲ. ಮೈಕಿನ ತುದಿ ಬಾಯಿಯ ಕೊನೆಯ ಪಕ್ಕದಲ್ಲಿರಲಿ, ತುಟಿಯ ಎದುರಿಗೆ ಬೇಡ. ಎದುರಿಗಿದ್ದರೆ 'ಭೀಮ' ಅಂದಾಗಲೆಲ್ಲ ಭ ಅಕ್ಷರದ ಗಾಳಿ ಡೊಂಯ್ ಎಂದು ಬಡಿಯುತ್ತದೆ. ಗಡ್ಡವಿರುವ ಪಾತ್ರಕ್ಕೆ ಗಡ್ಡದ ಮೇಲೆ ಮೈಕ್ ಬರಬೇಕು, ಕೆಳಗೆ ಹೋದರೆ ಕೂದಲು ಉಜ್ಜುವ ಸದ್ದೇ ಮಾತಿಗಿಂತ ಮುಂದು. ಕಾಸಿನ ಸರ, ಕಿರೀಟದ ಗೊಂಡೆ, ಜರಿಯ ಸೆರಗು, ಇವೆಲ್ಲ ಮೈಕಿಗೆ ತಾಗುತ್ತವೆಯೇ ಎಂದು ವೇಷ ಹಾಕಿದ ದಿನವೇ ನೋಡಬೇಕು. ಯೂನಿಫಾರ್ಮಿನಲ್ಲಿ ಮಾಡಿದ ತಾಲೀಮಿನಲ್ಲಿ ಇದು ಗೊತ್ತೇ ಆಗುವುದಿಲ್ಲ.

ಮೈಕಿನ ವೈರು ಬಂದು ಸೇರುವ ಪುಟ್ಟ ಪೆಟ್ಟಿಗೆ, ಅಂದರೆ ಸೊಂಟದ ಪ್ಯಾಕಿಗೆ ವೇಷದ ಬಟ್ಟೆ ಹೊಲಿಯುವ ಟೈಲರಿಂದಲೇ ಒಂದು ಚೀಲ ಹೊಲಿಸಿಬಿಡಿ, ಸೊಂಟಕ್ಕೆ ಕಟ್ಟುವ ಲಾಡಿಯ ಸಮೇತ. ಪೈಜಾಮದ ಎಲಾಸ್ಟಿಕ್ಕಿಗೆ ಕ್ಲಿಪ್ ಸಿಕ್ಕಿಸಿದರೆ ಯುದ್ಧದ ದೃಶ್ಯದಲ್ಲಿ ಪ್ಯಾಕೂ ಪೈಜಾಮವೂ ಒಟ್ಟಿಗೆ ಇಳಿಯುತ್ತವೆ. ವೈರು ಮೊದಲು ತುಂಡಾಗುವುದು ಪ್ಯಾಕಿಗೆ ಸೇರುವ ಜಾಗದಲ್ಲಿ. ಅಲ್ಲೊಂದು ಸಡಿಲ ಸುತ್ತು ಬಿಟ್ಟು ಟೇಪ್ ಹಾಕಿದರೆ ಎಳೆತ ಆ ಜಾಗಕ್ಕೆ ಬೀಳುವುದಿಲ್ಲ. ಆಂಟೆನಾ ಮಡಚಬಾರದು, ಬೆವರಿದ ಚರ್ಮಕ್ಕೆ ಅಂಟಿರಬಾರದು. ನಮ್ಮ ಮೈಯಲ್ಲಿ ಹೆಚ್ಚಿನ ಪಾಲು ನೀರು. ಈ ರೇಡಿಯೋ ಅಲೆಗಳನ್ನು ಅದು ಹೀರಿಕೊಳ್ಳುತ್ತದೆ. ಧೃತರಾಷ್ಟ್ರ ಕಬ್ಬಿಣದ ಕುರ್ಚಿಯ ಸಿಂಹಾಸನದಲ್ಲಿ ಬೆನ್ನೊರಗಿಸಿ ಕೂತಾಗಲೆಲ್ಲ ದನಿ ಕಡಿದು ಕಡಿದು ಬರುತ್ತಿದ್ದರೆ ದೋಷ ಮೈಕಿನದಲ್ಲ. ಪ್ಯಾಕ್ ಮುಂದಕ್ಕೆ, ಹೊಟ್ಟೆಯ ಪಕ್ಕಕ್ಕೆ ಸರಿಸಿ.

ಈಗ ರೇಡಿಯೋ ಭಾಗ. ಜನ ಇದನ್ನು ಮಂತ್ರವಿದ್ಯೆ ಅಂದುಕೊಂಡು ದೂರವಿಡುತ್ತಾರೆ, ಕೊನೆಗೆ ಕೈಕೊಡುವುದು ಇದೇ.

ಕಾರ್ಡ್‌ಲೆಸ್ ಮೈಕ್ ಅಂದರೆ ಪುಟ್ಟದೊಂದು ರೇಡಿಯೋ ಸ್ಟೇಷನ್. ಪ್ಯಾಕ್ ಪ್ರಸಾರ ಮಾಡುತ್ತದೆ, ರಿಸೀವರ್ ಕೇಳಿ ಮಿಕ್ಸರಿಗೆ ಕಳಿಸುತ್ತದೆ. ಒಂದು ಊರಿನಲ್ಲಿ ಎರಡು ಸ್ಟೇಷನ್ ಒಂದೇ ಅಂಕಿಯಲ್ಲಿ, ಅಂದರೆ ಒಂದೇ ತರಂಗಾಂತರದಲ್ಲಿ, ಪ್ರಸಾರ ಮಾಡಿದರೆ ಏನಾಗುತ್ತದೋ ಇಲ್ಲೂ ಅದೇ. ಅಗ್ಗದ ಸೆಟ್‌ಗಳಲ್ಲಿ ತರಂಗಾಂತರ ಕಾರ್ಖಾನೆಯಲ್ಲೇ ನಿಗದಿಯಾಗಿರುತ್ತದೆ, ಬದಲಿಸಲು ಬರುವುದಿಲ್ಲ. ನಿಮ್ಮ ಶಾಲೆಯದೊಂದು ಸೆಟ್, ಬಾಡಿಗೆಗೆ ತಂದ ಅದೇ ಮಾದರಿಯದು ಇನ್ನೊಂದು, ಎರಡೂ ಒಂದೇ ಅಂಕಿಯವಾಗಿದ್ದರೆ ಎರಡು ಪ್ಯಾಕು ಒಂದು ರಿಸೀವರಿಗಾಗಿ ಜಗಳಾಡುತ್ತವೆ. ಎಫ್‌ಎಂ ರೀತಿಯ ಪ್ರಸಾರದಲ್ಲಿ ಎರಡೂ ಬೆರೆತು ಕೇಳುವುದಿಲ್ಲ. ಬಲವಾದದ್ದು ಗೆದ್ದು ಇನ್ನೊಂದನ್ನು ಅಳಿಸುತ್ತದೆ. ಮಕ್ಕಳು ಓಡಾಡಿದ ಹಾಗೆ ಗೆಲ್ಲುವವರೂ ಬದಲಾಗುತ್ತಾರೆ. ಒಮ್ಮೆ ನಮ್ಮ ಪ್ಯಾಕ್ ಆಫ್ ಆಗಿದ್ದ ಎರಡು ನಿಮಿಷದಲ್ಲಿ ವಿದುರನ ಚಾನೆಲಿನಿಂದ (ಮಿಕ್ಸರಿನಲ್ಲಿ ಅವನ ಮೈಕಿಗೆಂದಿದ್ದ ಸಾಲಿನಿಂದ) ಪಕ್ಕದ ಛತ್ರದ ಆರತಕ್ಷತೆಯ ಆರ್ಕೆಸ್ಟ್ರಾ ಹಾಡಿತು. ಹಾಡೇನೋ ಚೆನ್ನಾಗಿತ್ತು.

ಇದರಿಂದ ಕಲಿತದ್ದು: ಪ್ಯಾಕನ್ನು ಆಫ್ ಮಾಡಿ ಮೈಕ್ ಮುಚ್ಚಬಾರದು. ಪ್ಯಾಕ್ ಆಫ್ ಆದರೆ ರಿಸೀವರ್ ಅನಾಥವಾಗಿ ಯಾರ ಸದ್ದಿಗಾದರೂ ಕಿವಿಗೊಡುತ್ತದೆ. ನಾಟಕ ಶುರುವಾಗುವ ಮುಂಚೆ ಆನ್ ಮಾಡಿ, ಬಟನ್ ಮೇಲೆ ಟೇಪ್ ಹಚ್ಚಿ, ಮುಚ್ಚುವುದು ತೆರೆಯುವುದೆಲ್ಲ ಮಿಕ್ಸರಿನಲ್ಲೇ ಆಗಲಿ. ಮಕ್ಕಳ ಕೈಗೆ ಬಟನ್ ಸಿಕ್ಕರೆ ಅದನ್ನು ಒತ್ತದೆ ಬಿಡುವವರಲ್ಲ. ನಾನೂ ಬಿಡುತ್ತಿರಲಿಲ್ಲ.

ಅಂಕಿಗಳು ಬೇರೆ ಬೇರೆ ಇದ್ದರೆ ಸಾಲದು, ಅವುಗಳ ನಡುವಿನ ಅಂತರವೂ ಸಮವಾಗಿರಬಾರದು. ಎರಡು ಪ್ಯಾಕ್ ಹತ್ತಿರ ಬಂದಾಗ ಅವುಗಳ ಅಲೆಗಳು ಒಂದರೊಳಗೊಂದು ನುಗ್ಗಿ, ಯಾರೂ ಕಳಿಸದ ಹೊಸ ಅಲೆಗಳು ಹುಟ್ಟುತ್ತವೆ. ಲೆಕ್ಕ ಸುಲಭ: ಒಂದರ ಎರಡರಷ್ಟರಿಂದ ಇನ್ನೊಂದನ್ನು ಕಳೆಯಿರಿ. ಒಂದು ಮೈಕ್ 600 ಮೆಗಾಹರ್ಟ್ಸ್, ಇನ್ನೊಂದು 600.5 ಅಂದುಕೊಳ್ಳಿ. 600.5ರ ಎರಡರಷ್ಟು 1201. ಅದರಲ್ಲಿ 600 ಕಳೆದರೆ 601. ಆ ಕಡೆಯಿಂದ ಕಳೆದರೆ 599.5. ನಿಮ್ಮ ಮೂರನೇ ಮೈಕನ್ನು ನೀಟಾಗಿ 601ಕ್ಕೆ ಇಟ್ಟಿದ್ದರೆ ಕಳ್ಳ ಅಲೆ ನೇರವಾಗಿ ಅದರ ಮೇಲೆ ಬಂದು ಕೂರುತ್ತದೆ. ಮೂರು ಮೈಕಿಗೆ ಈ ಬಗೆಯ ಅಲೆಗಳು ಆರು, ಎಂಟಕ್ಕೆ 56. ಕೈಯಲ್ಲಿ ಲೆಕ್ಕ ಹಾಕುವ ಗೋಜು ಬೇಡ. ಒಳ್ಳೆಯ ಸೆಟ್‌ಗಳಲ್ಲಿ ಗ್ರೂಪ್ ಅಥವಾ ಬ್ಯಾಂಕ್ ಎಂಬ ಆಯ್ಕೆ ಇರುತ್ತದೆ. ಕಂಪನಿಯವರು ಒಂದಕ್ಕೊಂದು ಅಡ್ಡ ಬರದ ಅಂಕಿಗಳನ್ನು ಲೆಕ್ಕ ಹಾಕಿ ಅಲ್ಲಿ ಜೋಡಿಸಿಟ್ಟಿರುತ್ತಾರೆ. ಎಲ್ಲ ಮೈಕನ್ನೂ ಒಂದೇ ಗ್ರೂಪಿನ ಬೇರೆ ಬೇರೆ ಚಾನೆಲಿಗೆ (ಇಲ್ಲಿ ಚಾನೆಲ್ ಅಂದರೆ ರೇಡಿಯೋ ಅಂಕಿ) ಇಟ್ಟರೆ ಮುಗಿಯಿತು. ಎರಡು ಕಂಪನಿಯ ಸೆಟ್ ಬೆರೆಸಿದಾಗ ಮಾತ್ರ ಈ ಭರವಸೆ ಇಲ್ಲ. ಇನ್ನೊಂದು: ಬಳಸದ ಪ್ಯಾಕುಗಳನ್ನು ಆನ್ ಇರುವಾಗಲೇ ಒಂದು ಟ್ರೇಯಲ್ಲಿ ರಾಶಿ ಹಾಕುವುದು ಈ ಕಳ್ಳ ಅಲೆಗಳಿಗೆ ಹಬ್ಬ. ಟ್ರೇಗೆ ಬರುವ ಪ್ಯಾಕನ್ನಷ್ಟೇ, ಮಿಕ್ಸರಿನಲ್ಲಿ ಅದರ ಚಾನೆಲ್ ಮುಚ್ಚಿದ ಮೇಲೆ, ಆಫ್ ಮಾಡಿ.

ಯಾವ ಅಂಕಿ ಕೊಳ್ಳಬೇಕು ಎಂಬ ಪ್ರಶ್ನೆಗೂ ಸ್ವಲ್ಪ ಗಮನ ಬೇಕು. 703ರಿಂದ 748, 758ರಿಂದ 803 ಮೆಗಾಹರ್ಟ್ಸ್ ಇರುವ 700ರ ಬ್ಯಾಂಡ್ (ಅಂಕಿಗಳ ಪಟ್ಟೆ) 2022ರ ಹರಾಜಿನಲ್ಲಿ ಮೊಬೈಲ್ ಸೇವೆಗೆ ಹೋಯಿತು, ಅದರಲ್ಲೀಗ 5ಜಿ ಓಡುತ್ತಿದೆ. ಆ ಜಾಗದ ಹಳೆಯ ಮೈಕ್ ಸೆಟ್ ಶಾಲೆಯ ಬೀರುವಿನಲ್ಲಿದ್ದರೆ, ಹತ್ತು ವರ್ಷ ಚೆನ್ನಾಗಿ ನಡೆದದ್ದು ಈಗ ಗೊರಗೊರ ಅಂದೀತು. ಅಮೆರಿಕದಲ್ಲಿ 600ರ ಬ್ಯಾಂಡಿನ ಹೆಚ್ಚಿನ ಭಾಗದಲ್ಲಿ ಕಾರ್ಡ್‌ಲೆಸ್ ಮೈಕ್ ಬಳಸುವುದು 2020ರ ಜುಲೈ 13ರಿಂದ ನಿಷಿದ್ಧ. ಅಲ್ಲಿನ ಕನ್ನಡ ಸಂಘದ ಮಕ್ಕಳ ನಾಟಕಕ್ಕೆ ಯಾರದೋ ಗ್ಯಾರೇಜಿನ ಹಳೆ ಸೆಟ್ ಎರವಲು ತರುವವರು ಡಬ್ಬಿಯ ಮೇಲಿನ ಅಂಕಿ ಓದಿಕೊಳ್ಳುವುದು ಒಳ್ಳೆಯದು.

2.4 ಗಿಗಾಹರ್ಟ್ಸಿನ ಚಿಕ್ಕ ಕ್ಲಿಪ್ ಮೈಕ್ ಈಗ ಎಲ್ಲರ ಕೈಯಲ್ಲೂ ಇದೆ, ಮೊಬೈಲ್ ವಿಡಿಯೋಕ್ಕೆ ಕೊಂಡದ್ದು. ಅದನ್ನೇ ನಾಟಕಕ್ಕೂ ಹಾಕೋಣ ಅನ್ನುವವರಿಗೆ ನನ್ನ ಉತ್ತರ ಬೇಡ ಎಂದೇ. ಅದೇ ಬ್ಯಾಂಡಿನಲ್ಲಿ ವೈಫೈ ಇದೆ, ಬ್ಲೂಟೂತ್ ಇದೆ, ಹಾಟ್‌ಸ್ಪಾಟ್ ಇದೆ. ಮಧ್ಯಾಹ್ನದ ಖಾಲಿ ಮೈದಾನದ ತಾಲೀಮಿನಲ್ಲಿ ಅದು ಗಂಟೆ ಹೊಡೆದ ಹಾಗೆ ಕೇಳುತ್ತದೆ. ಸಂಜೆ ಆರಕ್ಕೆ ಐನೂರು ಪೋಷಕರು ಐನೂರು ಫೋನಿನ ಜೊತೆ ಬಂದು ಕೂರುತ್ತಾರೆ. ಆಮೇಲೆ ಅದು ಯಾವ ವಾಕ್ಯದಲ್ಲಿ ಕೈಬಿಡುತ್ತದೋ ಹೇಳಲು ಬರುವುದಿಲ್ಲ. ಹಳೆಯ ಅನಲಾಗ್ ಮೈಕ್ ಸಾಯುವ ಮುಂಚೆ ಸ್ವಲ್ಪ ಉಸ್ಸೆಂದು ಸೂಚನೆಯನ್ನಾದರೂ ಕೊಡುತ್ತದೆ. ಡಿಜಿಟಲ್ ಆದದ್ದು ಕೊನೆಯವರೆಗೂ ಚೊಕ್ಕವಾಗಿದ್ದು ಥಟ್ಟನೆ ಮೌನವಾಗುತ್ತದೆ.

ರಿಸೀವರುಗಳನ್ನು ಮಿಕ್ಸರಿನ ಪಕ್ಕ, ಅಂದರೆ ಜನರ ಹಿಂದೆ ಇಡುವ ರೂಢಿ ನಮ್ಮಲ್ಲಿ ಎಲ್ಲ ಕಡೆ ಇದೆ. ನಡುವೆ ಐನೂರು ನೀರಿನ ಮೂಟೆಗಳು ಕೂತಿರುತ್ತವೆ ಎಂಬುದು ಮರೆತುಹೋಗುತ್ತದೆ. ಅವನ್ನು ವೇದಿಕೆಯ ಪಕ್ಕಕ್ಕೆ, ತಲೆಮಟ್ಟಕ್ಕಿಂತ ಮೇಲೆ, ಆಂಟೆನಾಗಳಿಗೆ ಮಕ್ಕಳು ಕಾಣುವಂತೆ ಇಟ್ಟು, ಅಲ್ಲಿಂದ ಮಿಕ್ಸರಿಗೆ ಕೇಬಲ್ ಎಳೆಯಿರಿ. ಮೂರು ಪಿನ್ನಿನ ಮೈಕ್ ಕೇಬಲಿಗೆ ಮೂವತ್ತು ನಲವತ್ತು ಮೀಟರ್ ಏನೇನೂ ಅಲ್ಲ. ರೇಡಿಯೋ ದಾರಿ ಚಿಕ್ಕದಿರಲಿ, ತಂತಿಯ ದಾರಿ ಉದ್ದವಿರಲಿ.

ಸೆಲ್ ವಿಷಯದಲ್ಲಿ ಜಿಪುಣತನ ಬೇಡ. ಪ್ರದರ್ಶನಕ್ಕೆ ಹೊಸ ಆಲ್ಕಲೈನ್ ಪೆನ್ಸಿಲ್ ಸೆಲ್, ತಾಲೀಮಿಗೆ ರೀಚಾರ್ಜ್ ಆಗುವಂಥದ್ದು, ಇದು ನನ್ನ ಲೆಕ್ಕ. ರೀಚಾರ್ಜ್ ಸೆಲ್ಲಿನದು 1.5ರ ಬದಲು 1.2 ವೋಲ್ಟ್. ಪ್ಯಾಕಿನ ಬ್ಯಾಟರಿ ಗೆರೆಗಳು ಹೆಚ್ಚಾಗಿ ಆಲ್ಕಲೈನಿಗೆ ಹೊಂದಿಸಿದ್ದಾದ್ದರಿಂದ ಇದರ ವಿಷಯದಲ್ಲಿ ಸುಳ್ಳು ಹೇಳುತ್ತವೆ.

ಇನ್ನು ಎಂಟು ಮೈಕನ್ನು ಇಪ್ಪತ್ತೆರಡು ಮಕ್ಕಳಿಗೆ ಹಂಚುವುದು. ನಾಟಕದ ಧ್ವನಿ ಗೆಲ್ಲುವುದೋ ಸೋಲುವುದೋ ಈ ಕಾಗದದ ಮೇಲೆ. ಒಂದು ದೊಡ್ಡ ಹಾಳೆಯಲ್ಲಿ ಅಡ್ಡಕ್ಕೆ ದೃಶ್ಯಗಳು, ಉದ್ದಕ್ಕೆ ಮೈಕ್ ಸಂಖ್ಯೆ. ಪ್ರತಿ ಮನೆಯಲ್ಲೂ ಆ ದೃಶ್ಯದಲ್ಲಿ ಆ ಮೈಕ್ ಯಾವ ಪಾತ್ರದ ಮೇಲಿದೆ ಎಂದು ಬರೆಯಿರಿ. ಪಾತ್ರದ ಹೆಸರೇ ಬರೆಯಿರಿ, ಮಗುವಿನ ಹೆಸರಲ್ಲ. ಹಿಂದಿನ ರಾತ್ರಿ ಯಾರಿಗೋ ಜ್ವರ ಬಂದು ಬದಲಿ ಮಗು ಬಂದಾಗ ಪಟ್ಟಿ ಹಾಗೇ ಉಳಿಯುತ್ತದೆ. ಪ್ಯಾಕಿನ ಮೇಲೆ 3, ರಿಸೀವರಿನ ಮೇಲೆ 3, ಮಿಕ್ಸರಿನ ಚಾನೆಲೂ 3 ಇರಲಿ. ಬಣ್ಣದ ಟೇಪಾದರೆ ಇನ್ನೂ ಸರಿ, ಕತ್ತಲಲ್ಲಿ ಕಾಣುತ್ತದೆ.

ಮೊದಲು ದುರ್ಯೋಧನ, ಶಕುನಿ, ಧರ್ಮರಾಯ, ದ್ರೌಪದಿ, ಇವರಿಗೆ ಕೊನೆಯವರೆಗೂ ಬಿಚ್ಚದ ಮೈಕ್. ಉಳಿದ ನಾಲ್ಕು ಕೈ ಬದಲಾಗುತ್ತವೆ. ಒಬ್ಬನ ಮೈಯಿಂದ ಬಿಚ್ಚಿ ಇನ್ನೊಬ್ಬನಿಗೆ ಕಟ್ಟಲು ಟೇಪು ಸಮೇತ ಎರಡು ಮೂರು ನಿಮಿಷ ಬೇಕು. ಅಷ್ಟು ಬಿಡುವು ಇದೆಯೇ? ಒಬ್ಬ ಎಡಗಡೆ ಹೊರಟು ಇನ್ನೊಬ್ಬ ಬಲಗಡೆಯಿಂದ ಬರುವುದಾದರೆ ವೇದಿಕೆಯ ಹಿಂದೆ ಸುತ್ತಿ ಹೋಗಲು ದಾರಿ ಇದೆಯೇ? ಇವೆಲ್ಲ ನಿರ್ದೇಶನ ಮಾಡುವ ಟೀಚರ ಜೊತೆ ಕೂತು ಕೇಳಬೇಕಾದ ಪ್ರಶ್ನೆಗಳು, ಕೊನೇ ವಾರದಲ್ಲಲ್ಲ, ಓದಿನ ತಾಲೀಮಿನಲ್ಲೇ. "ಮಹಾರಾಜ, ಪಾಂಡವರು ಬಂದರು" ಎಂಬ ಒಂದೇ ವಾಕ್ಯವಿರುವ ದೂತನಿಗೆ ಮೈಕ್ ಬೇಕಿಲ್ಲ. ಅವನು ದುರ್ಯೋಧನನ ಪಕ್ಕಕ್ಕೆ ಬಂದು ಬಗ್ಗಿ ಹೇಳಿದರೆ ದುರ್ಯೋಧನನ ಮೈಕೇ ಅದನ್ನು ಎತ್ತಿಕೊಳ್ಳುತ್ತದೆ. ಸಖಿಯರು ಹಾಡುವ ಜಾಗದಲ್ಲಿ ಒಂದು ಸ್ಟ್ಯಾಂಡ್ ಮೈಕನ್ನು ದೀಪದ ಕಂಬದ ಮರೆಯಲ್ಲಿಟ್ಟರಾಯಿತು. ಟೀಚರ್ ಒಪ್ಪಿದರೆ ಮೈಕಿನ ಕೊರತೆಯ ಅರ್ಧವನ್ನು ನಿಲ್ಲುವ ಜಾಗ ಬದಲಿಸಿಯೇ ನೀಗಬಹುದು. ನನ್ನ ಅನುಭವದಲ್ಲಿ ಹೆಚ್ಚಿನವರು ಒಪ್ಪುತ್ತಾರೆ, ಮುಂಚೆ ಕೇಳಿದರೆ.

ಪರದೆಯ ಹಿಂದೆ ಮೈಕ್ ಬದಲಿಸುವುದಕ್ಕೇ ಒಬ್ಬರು ಬೇಕು, ಮಿಕ್ಕ ಯಾವ ಕೆಲಸವನ್ನೂ ಅವರಿಗೆ ಹೇಳಕೂಡದು. ಒಂದು ಶಾಲೆಯಲ್ಲಿ ಹತ್ತನೇ ತರಗತಿಯ ಹುಡುಗಿಯೊಬ್ಬಳು ಇದನ್ನು ಮಾಡಿದಳು. ಚಿಕ್ಕವರೆಲ್ಲ ಅವಳನ್ನು ಮೈಕ್ ಅಕ್ಕ ಅನ್ನುತ್ತಿದ್ದರು. ಕೈಯಲ್ಲಿ ಪಟ್ಟಿ, ಮುಂಗೈಗೆ ಬಳೆಯ ಹಾಗೆ ಟೇಪಿನ ಸುರುಳಿ. ಬದಲಿಸಿದ ಮೇಲೆ ಪರದೆಯ ಸಂದಿಯಿಂದ ನನಗೆ ಹೆಬ್ಬೆರಳು ತೋರಿಸುತ್ತಿದ್ದಳು. ಆ ಬೆರಳು ಕಾಣುವವರೆಗೆ ನಾನು ಆ ಚಾನೆಲ್ ಮುಟ್ಟುತ್ತಿರಲಿಲ್ಲ.

ಮಿಕ್ಸರಿನ ಮುಂದೆ ನನ್ನ ಹತ್ತಿರವೂ ನಾಟಕದ ಪ್ರತಿ ಇರುತ್ತದೆ, ಪ್ರತಿ ಮಾತಿನ ಪಕ್ಕ ಮೈಕ್ ಸಂಖ್ಯೆ ಬರೆದದ್ದು. ಕಣ್ಣು ಕಾಗದದ ಮೇಲೆ ಒಂದು ಮಾತು ಮುಂದೆ, ಬೆರಳು ಮುಂದಿನ ಫೇಡರ್ ಮೇಲೆ. ಮಗು ಉಸಿರು ತೆಗೆದುಕೊಳ್ಳುವಾಗ ತೆರೆ, ಮಾತು ಮುಗಿದಾಗ ಮುಚ್ಚು. ಮೊದಲ ಎರಡು ತಾಲೀಮು ಕೈ ತಡವರಿಸುತ್ತದೆ, ಮೂರನೆಯದರಲ್ಲಿ ಮಾತಿನ ಲಯವೇ ಕೈಗೆ ಬರುತ್ತದೆ. ಮೈಕ್‌ಸೆಟ್‌ನ ಹುಡುಗ ಪ್ರದರ್ಶನದ ಸಂಜೆ ನೇರ ಬಂದು ಈ ಕೆಲಸ ಮಾಡಲಾರ. ಅವನು ಎಷ್ಟೇ ಜಾಣನಿದ್ದರೂ ಮುಂದೆ ಯಾರು ಮಾತಾಡುತ್ತಾರೆಂದು ಅವನಿಗೆ ಗೊತ್ತಿಲ್ಲವಲ್ಲ. ತಾಲೀಮು ನೋಡಿದ ಟೀಚರೊಬ್ಬರು ಅವನ ಪಕ್ಕ ಕೂತು "ಈಗ ಐದು, ಈಗ ಎರಡು" ಎಂದು ಹೇಳುತ್ತಾ ಹೋದರೂ ಸಾಕು, ಅರ್ಧಕ್ಕರ್ಧ ತೊಂದರೆ ತಪ್ಪುತ್ತದೆ.

ಭೀಮ, ದುಶ್ಶಾಸನ ಎದುರೆದುರು ಮುಖಕ್ಕೆ ಮುಖ ಕೊಟ್ಟು ಕೂಗಾಡುವ ಜಾಗದಲ್ಲಿ ಒಂದು ಮೈಕ್ ಮುಚ್ಚಲೇಬೇಕು. ಒಂದೇ ದನಿ ಎರಡೂ ಮೈಕಿಗೆ ಸ್ವಲ್ಪ ಹಿಂದು ಮುಂದಾಗಿ ತಲುಪುತ್ತದೆ. ದೂರದ ವ್ಯತ್ಯಾಸ 34 ಸೆಂಟಿಮೀಟರ್ ಇದ್ದರೆ ಒಂದು ಮಿಲಿಸೆಕೆಂಡ್ ತಡ. ಅಷ್ಟಕ್ಕೇ 500, 1500, 2500 ಹರ್ಟ್ಸಿನಲ್ಲಿ ಎರಡು ಅಲೆ ಒಂದನ್ನೊಂದು ಕೊಂದುಕೊಂಡು, ಭೀಮ ಪೈಪಿನೊಳಗಿಂದ ಅಬ್ಬರಿಸಿದ ಹಾಗೆ ಕೇಳುತ್ತದೆ. ಹೆಡ್‌ಸೆಟ್ ಮೈಕುಗಳಲ್ಲಿ ಹೆಚ್ಚಿನವು ಸುತ್ತಲಿನ ಸದ್ದನ್ನೆಲ್ಲ ಹಿಡಿಯುವಂಥವು. ಅಷ್ಟು ಹತ್ತಿರದಲ್ಲಿ ಒಂದೇ ಮೈಕ್ ಇಬ್ಬರಿಗೂ ಸಾಕು.

ಸ್ಪೀಕರ್ ಬಾಕ್ಸುಗಳು ವೇದಿಕೆಯ ಅಂಚಿಗಿಂತ ಮುಂದೆ, ಎತ್ತರದಲ್ಲಿ, ಜನರ ಕಡೆಗೆ ಮುಖ ಮಾಡಿರಲಿ. ಬಾಕ್ಸು ಹಿಂದೆ, ಮಕ್ಕಳು ಮುಂದೆ ಇದ್ದರೆ ಮೇಲೆ ಹೇಳಿದ ಸುತ್ತಿಗೆ ನೀವೇ ರಾಜಮಾರ್ಗ ಕೊಟ್ಟಂತೆ. ಉದ್ದನೆಯ ಮೈದಾನದಲ್ಲಿ ಮೂವತ್ತು ಮೀಟರ್ ಹಿಂದೆ ಇನ್ನೊಂದು ಜೊತೆ ಬಾಕ್ಸು ಹಾಕಿದರೆ ಅದಕ್ಕೆ ಡಿಲೇ ಕೊಡಬೇಕು, ಅಂದರೆ ದನಿಯನ್ನು ಬೇಕೆಂದೇ ಸ್ವಲ್ಪ ತಡ ಮಾಡಬೇಕು. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ, ತಂತಿಯಲ್ಲಿ ಹೆಚ್ಚುಕಡಿಮೆ ತಕ್ಷಣ. ಹಿಂದೆ ಕೂತವರಿಗೆ ಪಕ್ಕದ ಬಾಕ್ಸಿನ ಮಾತು ಮೊದಲು, ವೇದಿಕೆಯದು 87 ಮಿಲಿಸೆಕೆಂಡ್ ಆಮೇಲೆ. ಪ್ರತಿ ಮಾತೂ ಎರಡೆರಡು ಸಲ. ಆ 87 ಮಿಲಿಸೆಕೆಂಡನ್ನು ಹಿಂದಿನ ಬಾಕ್ಸಿಗೆ ತಡವಾಗಿ ಕೊಟ್ಟರೆ ಎರಡೂ ಒಂದಾಗುತ್ತವೆ.

ಮಿಕ್ಸರಿನ ಗುಂಡಿಗಳ ಬಗ್ಗೆ ಹೆಚ್ಚು ಹೇಳಲಾರೆ. ಎಂಟು ಹತ್ತು ವರ್ಷದ ಮಕ್ಕಳ ದನಿಯ ಮೂಲಸ್ವರ 250 ಹರ್ಟ್ಸ್ ಆಸುಪಾಸು. 150ಕ್ಕಿಂತ ಕೆಳಗಿನದನ್ನು ಕತ್ತರಿಸಿದರೆ ಮಾತಿನದೇನೂ ಹೋಗುವುದಿಲ್ಲ, ಹಲಗೆಯ ಮೇಲಿನ ಧಡಧಡ, ಶಾಮಿಯಾನದ ಗಾಳಿ ಹೋಗುತ್ತವೆ. ಮೈಕಿನಿಂದ ಬಂದ ದನಿಯನ್ನು ಮೊದಲಿಗೆ ಎಷ್ಟು ಹಿಗ್ಗಿಸಬೇಕೆಂಬ ಗೇನ್ ಇಡುವಾಗ "ಹಲೋ ಹಲೋ ಮೈಕ್ ಟೆಸ್ಟಿಂಗ್" ಬೇಡ. ಆ ಪಾತ್ರದ ಅತಿ ಜೋರಿನ ಮಾತನ್ನೇ ಹೇಳಿಸಿ. ಮಕ್ಕಳು ಮೈಕಿನ ಪರೀಕ್ಷೆಯಲ್ಲಿ ನಾಚಿ ಪಿಸುಗುಡುತ್ತಾರೆ, ಜನರ ಮುಂದೆ ಕಿರುಚುತ್ತಾರೆ. ಹಾಡು ಹಾಕುವ ಫೋನು ಏರೋಪ್ಲೇನ್ ಮೋಡಿನಲ್ಲಿರಲಿ, ಸ್ವಯಂವರದ ನಡುವೆ ಯಾರದೋ ರಿಂಗ್‌ಟೋನ್ ಕೇಳಬಾರದಲ್ಲ.

ಗುಂಯ್ ಎನ್ನುವ ಹಮ್ ಬಂದಾಗ ಪ್ಲಗ್ಗಿನ ಅರ್ಥಿಂಗ್ ಪಿನ್ ಕಿತ್ತುಹಾಕುವ ಒಂದು ಕೆಟ್ಟ ಚಾಳಿ ನಮ್ಮಲ್ಲಿದೆ. ಹಮ್ ನಿಲ್ಲುತ್ತದೆ, ನಿಜ. ಆಮೇಲೆ ಎಲ್ಲೋ ತಂತಿ ತಾಗಿದರೆ 230 ವೋಲ್ಟ್ ನೇರ ಸ್ಟ್ಯಾಂಡ್ ಮೈಕಿಗೆ, ಅದನ್ನು ಹಿಡಿದ ಮಗುವಿನ ಕೈಗೆ ಬರುತ್ತದೆ. ಹಮ್ ಇದ್ದರೆ ಇರಲಿ, ಪಿನ್ ಕೀಳಬೇಡಿ. ಮಿಕ್ಸರಿಗೂ ಆಂಪ್ಲಿಫೈಯರಿಗೂ ಒಂದೇ ಕಡೆಯಿಂದ ಕರೆಂಟ್ ಕೊಟ್ಟು, ಡಿಮ್ಮರ್ ದೀಪಗಳ ಲೈನು ಬೇರೆ ಮಾಡಿದರೆ ಹೆಚ್ಚಿನ ಹಮ್ ತಾನಾಗಿ ಇಳಿಯುತ್ತದೆ.

ಸಮಯದ ಮಾತೂ ಇದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಮೊದಲೇ ಲಿಖಿತ ಅನುಮತಿ ಬೇಕು, ರಾತ್ರಿ 10ರ ನಂತರ ತೆರೆದ ಮೈದಾನದಲ್ಲಿ ಹಾಕುವಂತಿಲ್ಲ. ಶಾಲೆಯ ಸುತ್ತಲಿನ 100 ಮೀಟರನ್ನು ಅದೇ ನಿಯಮಗಳಡಿ ನಿಶ್ಶಬ್ದ ವಲಯ ಎಂದು ಸರ್ಕಾರ ಘೋಷಿಸಬಹುದು, ವಾರ್ಷಿಕೋತ್ಸವದ ರಾತ್ರಿ ಅದನ್ನು ಓದಿದರೆ ನಗು ಬರುತ್ತದೆ. ಅತಿಥಿಗಳ ಭಾಷಣ ಉದ್ದವಾಗಿ, ನಾಟಕ ಒಂಬತ್ತೂವರೆಗೆ ಶುರುವಾದರೆ ಕೊನೆಯ ದೃಶ್ಯ ಯಾರ ಪಾಲಿಗೂ ಇಲ್ಲ. ನಾಟಕವನ್ನು ಮೊದಲಿಗೆ ಇಡಿ.

ಇಷ್ಟೆಲ್ಲ ತಾಪತ್ರಯ ಯಾಕೆ, ಡೈಲಾಗ್ ಮೊದಲೇ ರೆಕಾರ್ಡ್ ಮಾಡಿ ಹಾಕಿದರಾಯಿತು, ಮಕ್ಕಳು ಬಾಯಿ ಆಡಿಸಲಿ ಎನ್ನುವ ಶಾಲೆಗಳು ಈಗ ಬಹಳ. ಕೆಲಸ ಸಲೀಸು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಶಕುನಿಯಾದ ಹುಡುಗ ಜನರ ಚಪ್ಪಾಳೆ ಕೇಳಿ ಇನ್ನೊಂದು ಗಳಿಗೆ ಹೆಚ್ಚು ನಗಬೇಕೆಂದರೆ ಟ್ರ್ಯಾಕು ಕಾಯುವುದಿಲ್ಲ. ಆ ಒಂದು ಗಳಿಗೆಗಾಗಿ ನಾನು ಎಂಟು ಮೈಕ್ ಕಟ್ಟುವುದಕ್ಕೆ ತಯಾರು. ಮೂವತ್ತು ನಲವತ್ತು ಜನರ ತರಗತಿಯ ಕೋಣೆಯಲ್ಲಿ ನಾಟಕವಾದರೆ ಒಂದೂ ಬೇಡ, ಬಾಯಿಬಿಟ್ಟು ಮಾತಾಡಲು ಕಲಿಸಿದರೆ ಆಯಿತು.

ನಾಟಕ ಮುಗಿದ ತಕ್ಷಣ ಎಂಟೂ ಚಾನೆಲ್ ಮುಚ್ಚಿ, ಆಮೇಲೆ ಚಪ್ಪಾಳೆ ತಟ್ಟಿ. ಮಕ್ಕಳು ಫೋಟೋಕ್ಕೆ ಓಡುವ ಮುಂಚೆ ಮೈಕ್ ಅಕ್ಕ ಪರದೆಯ ಹಿಂದಿನ ಬಾಗಿಲಲ್ಲಿ ನಿಂತು ಪ್ಯಾಕ್ ಬಿಚ್ಚಿಸಿಕೊಂಡು, ಸೆಲ್ ತೆಗೆದು, ಪೆಟ್ಟಿಗೆಯ ಎಂಟು ಗೂಡಿನಲ್ಲಿ ಎಂಟನ್ನೂ ಇಟ್ಟು ಎಣಿಸಬೇಕು. ಒಂದು ಸಲ ಏಳೇ ಇದ್ದವು. ಎಂಟನೆಯದು ವಿದುರನ ಸೊಂಟದಲ್ಲಿ, ಅಪ್ಪನ ಸ್ಕೂಟರಿನ ಹಿಂದೆ ಮನೆಗೆ ಹೋಗಿತ್ತು. ಮರುದಿನ ಅವರಮ್ಮ ಫೋನ್ ಮಾಡಿ, "ಸರ್, ಇದು ಇನ್ನೂ ಕೆಂಪಗೆ ಉರೀತಾ ಇದೆ, ಏನು ಮಾಡ್ಬೇಕು?" ಅಂದರು.